ಕವಲಿನ ಕೆಳಗೆ ಕೂತವಳು

“ಗುರುಗಳೇ, ಕೊಳವೆ ಯಾವ ದಿನ ಒಡೆಯುತ್ತದೆ ಎಂದು ಹೇಳಲಾಗದೆ, ಸ್ಥಾವರ ನಿಲ್ಲಿಸಿ ಎಂದು ನಾನು ಹೇಗೆ ಹೇಳಲಿ?”

ಹೀಗೆ ಕೇಳಿದ ಶಿಷ್ಯೆಯ ಕೆಲಸ, ಅಣು ವಿದ್ಯುತ್ ಸ್ಥಾವರದ ಕೊಳವೆಗಳು ಇನ್ನೆಷ್ಟು ಕಾಲ ಬಾಳುತ್ತವೆ ಎಂದು ಲೆಕ್ಕ ಹಾಕುವುದು. ಬಿಸಿನೀರೂ ತಣ್ಣೀರೂ ಕೂಡುವ ಒಂದು ಬೆಸುಗೆಯ ಮೇಲೆ ಅವಳಿಗೆ ಅನುಮಾನ. ಮರುದಿನ ಮೇಲಧಿಕಾರಿಗಳ ಮುಂದೆ ಮಾತಾಡಬೇಕು. ನಿಲ್ಲಿಸಿದರೆ ಊರುಗಳಿಗೆ ಕತ್ತಲೆ. ನಿಲ್ಲಿಸದಿದ್ದರೆ ಆ ಕೊಳವೆಯ ಬಳಿ ಕೆಲಸ ಮಾಡುವವರ ಜೀವಕ್ಕೆ ಕುತ್ತು.

ಗುರುಗಳು ಹೇಳಿದರು:

ಒಬ್ಬ ವರ್ತಕ ಯಾತ್ರಿಕರಿಗಾಗಿ ಸ್ನಾನದ ಮನೆ ಕಟ್ಟಿಸಿದ. ಒಬ್ಬ ಕಂಚುಗಾರ್ತಿ ಅದಕ್ಕೆ ತಾಮ್ರದ ಕೊಳವೆ ಕೂಡಿಸಿಕೊಟ್ಟಳು. ಹಂಡೆಯ ಕುದಿನೀರೂ ತೊಟ್ಟಿಯ ತಣ್ಣೀರೂ ಒಂದು ಕವಲಿನಲ್ಲಿ ಕೂಡಿ ಹದವಾಗಿ ಬೀಳುತ್ತಿದ್ದವು. ಮಿಂದವರೆಲ್ಲ ವರ್ತಕನನ್ನು ಹರಸಿದರು.

ಕೆಲವು ವರ್ಷಗಳ ಮೇಲೆ ಅವಳು ಬಂದು, “ಸ್ನಾನ ನಿಲ್ಲಿಸಿ ಧಣಿ. ಕವಲು ಕೊಯ್ದು ನೋಡಬೇಕು” ಎಂದಳು.

“ನೀನೇ ಮಾಡಿದ್ದರ ಮೇಲೆ ನಿನಗೇ ನಂಬಿಕೆಯಿಲ್ಲವೇ? ಕೈಯೊಡ್ಡಿ ನೋಡು ತಾಯಿ, ನೀರು ಎಷ್ಟು ಹದವಾಗಿದೆ!”

“ಹದ ಮೀಯುವವರಿಗೆ. ಕವಲಿಗೆ ಒಂದು ಗಳಿಗೆ ಬಿಸಿ, ಒಂದು ಗಳಿಗೆ ತಣ್ಣಗೆ. ಹಾಗೆ ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ, ನೀವಾಗಿದ್ದರೆ ಎಂದೋ ಬಿರಿಯುತ್ತಿದ್ದಿರಿ. ಇಂಥದೇ ಕವಲನ್ನು ಕುದಿನೀರಿಗೊಮ್ಮೆ ತಣ್ಣೀರಿಗೊಮ್ಮೆ ಅದ್ದಿ ಬಿರಿಸಿಯೇ ಬಂದಿದ್ದೇನೆ.”

“ಹಾಗಾದರೆ ಇದು ಒಡೆಯುವ ದಿನ ಹೇಳು. ಹಿಂದಿನ ದಿನ ಬೀಗ ಹಾಕಿಸುತ್ತೇನೆ” ಎಂದು ವರ್ತಕ ನಕ್ಕ.

“ಅದು ನನ್ನ ಅಂಗಳದಲ್ಲಿ ಅದ್ದಿ ಬಿರಿಸಿದ್ದು, ಇದು ನಿಮ್ಮಲ್ಲಿ ದಿನವೂ ದುಡಿಯುತ್ತಿರುವುದು. ದಿನ ಗೊತ್ತಿಲ್ಲ. ಜಾಗ ಗೊತ್ತು.”

ಅವಳು ಗರಗಸವನ್ನು ಮಡಿಲಲ್ಲಿಟ್ಟುಕೊಂಡು ಕವಲಿನ ಕೆಳಗೆ ಕೂತಳು. ಸ್ನಾನಕ್ಕೆ ಬಂದವರು ಬೈದರು. ಏಳಲಿಲ್ಲ. ಏನೂ ಆಗದು ಎನ್ನುತ್ತಿದ್ದ ವರ್ತಕನೇ ಕೊನೆಗೆ, ಅವಳ ತಲೆಯ ಮೇಲೆ ಕುದಿನೀರು ಸುರಿದೀತೆಂದು ಹೆದರಿ ಒಲೆ ಆರಿಸಿದ.

ಅವಳು ಕವಲು ಕೊಯ್ದಳು. ಹೊರಗೆ ಒಂದು ಗೀರೂ ಇರಲಿಲ್ಲ. ಒಳಮೈ ಮಾತ್ರ ಬರಿಗಾಲಲ್ಲಿ ನಡೆದವಳ ಹಿಮ್ಮಡಿಯಂತೆ ಬಿರಿದಿತ್ತು.

“ಇನ್ನೆಷ್ಟು ದಿನ ತಡೆಯುತ್ತಿತ್ತು?” ಎಂದು ವರ್ತಕ ಮೆಲ್ಲಗೆ ಕೇಳಿದ.

“ಇನ್ನು ಅದು ಯಾರಿಗೂ ಗೊತ್ತಾಗುವುದಿಲ್ಲ ಧಣಿ” ಎಂದು ಅವಳು ಹೊಸ ಕವಲು ಕೂಡಿಸತೊಡಗಿದಳು.

ಕತೆ ಮುಗಿದರೂ ಶಿಷ್ಯೆ ಬಿಡಲಿಲ್ಲ. “ಆದರೂ ದಿನ ಅವಳಿಗೆ ತಿಳಿಯಲೇ ಇಲ್ಲವಲ್ಲ?”

ಗುರುಗಳು ಹೇಳಿದರು:

“ದಿನ ತಿಳಿಯುವುದು, ಒಡೆಯಲು ಬಿಟ್ಟವರಿಗೆ ಮಾತ್ರ.”