ಮುದ್ದುರಂಗನ ಬಾಣಲೆ ತುಪ್ಪ

"ನನ್ನ ವಡೆಯಲ್ಲಿ ತಪ್ಪು ಹುಡುಕುವವರು ಇನ್ನೂ ಹುಟ್ಟಿಲ್ಲ!"

ಹುಲಿಗುಡ್ಡದ ಕೋಟೆ ಬಾಗಿಲಲ್ಲಿ ವಡೆ ಕರಿಯುತ್ತಿದ್ದ ಮುದ್ದುರಂಗ ದಾರಿಹೋಕರನ್ನೆಲ್ಲ ಕರೆದು ಹೀಗೆ ಹೇಳುತ್ತಿದ್ದ. ವಡೆಗಿಂತ ಅವನ ಬಾಯೇ ಹೆಚ್ಚು ಗರಿಗರಿ. ಆದರೂ ವಡೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ನಿಂತಲ್ಲೇ ತಿಂದು ಹೋಗುವವರ ನೂಕುನುಗ್ಗಲು ಮುಗಿಯುತ್ತಲೇ ಇರಲಿಲ್ಲ.

ಅಂಥ ಮುದ್ದುರಂಗ ಒಂದು ದಿನ ಮುದುಕಿಯೊಬ್ಬಳನ್ನು ದೊರೆ ಸಿರಿಯಣ್ಣ ನಾಯಕರ ಮುಂದೆ ತಂದು ನಿಲ್ಲಿಸಿದ. ಅವಳು ಚಂದವ್ವ. ಜೈನರ ಹೆಂಗಸು. ಕೋಟೆ ಬಾಗಿಲಲ್ಲೇ ದೀಪದ ಬತ್ತಿ ಹೊಸೆದು ಮಾರುವವಳು.

"ಬುದ್ಧೀ, ಈಕೆ ನನ್ನ ವಡೆಯಲ್ಲಿ ಪ್ರಾಣಿಯದ್ದೇನೋ ಇದೆ ಅಂತ ಊರೆಲ್ಲ ಸಾರುತ್ತಿದ್ದಾಳೆ. ನನ್ನ ಅಂಗಡಿ ಮುಂದೆ ಮೂಗು ತಿಕ್ಕಿ ತಪ್ಪಾಯ್ತು ಅನ್ನಲಿ. ಆಮೇಲೆ ಆ ಜಾಗ ಬಿಟ್ಟು ಹೋಗಲಿ."

"ಜಾಗ ಬಿಟ್ಟರೆ ನನಗೆ ಹೊಟ್ಟೆಪಾಡಿಲ್ಲ ದೊರೆ" ಅಂದಳು ಚಂದವ್ವ. "ಆದರೆ ಇದ್ದದ್ದು ಹೇಳ್ತೀನಿ. ಮೊದಲ ದಿನವೇ ಇವನನ್ನು ಕೇಳಿದ್ದೆ. ಏನೂ ಇಲ್ಲವ್ವ, ಧೈರ್ಯವಾಗಿ ತಿನ್ನಿ ಅಂದ. ದಿನಾ ತಿಂದೆ. ಮೊನ್ನೆ ಒಂದು ವಡೆ ಮಿಕ್ಕಿತ್ತು. ಬೆಳಗಿನ ಚಳಿಗೆ ಅದರ ಮೇಲೆ ಬೆಳ್ಳಗೆ ಮೇಣದ ಹಾಗೆ ಕಟ್ಟಿತ್ತು. ಎಣ್ಣೆ ಹಾಗೆ ಕಟ್ಟೋದಿಲ್ಲ."

ದೊರೆ ಮುದ್ದುರಂಗನ ಕಡೆ ನೋಡಿದರು.

"ವಡೆಯೊಳಗೆ ಮಾಂಸದ ಒಂದು ಚೂರಿದ್ದರೂ ನನ್ನ ಕೈ ಸೇದಿಹೋಗಲಿ" ಅಂತ ಆಣೆ ಇಟ್ಟ ಮುದ್ದುರಂಗ. "ಇನ್ನು ಆ ಬಿಳಿ. ಅದು ತುಪ್ಪ ಬುದ್ಧಿ. ನಾನು ತುಪ್ಪದಲ್ಲೇ ಕರಿಯೋದು."

ಆಸ್ಥಾನದ ಮೂಲೆಯಲ್ಲಿ ಕೆಂಚಪ್ಪ ಎಲೆ ಅಡಿಕೆ ಮೆಲ್ಲುತ್ತಿದ್ದ. ದೊರೆಗೆ ಬೇಸರವಾದಾಗ ನಗಿಸುವುದು, ದಾರಿ ತಪ್ಪಿದಾಗ ತಿದ್ದುವುದು ಅವನ ಕೆಲಸ. ಈಗ ಎದ್ದು ಬಂದು ಮುದ್ದುರಂಗನಿಗೆ ದೊಡ್ಡ ನಮಸ್ಕಾರ ಹಾಕಿದ.

"ದೊರೆ, ವೀರಭದ್ರನ ಗುಡಿಯಲ್ಲಿ ನಂದಾದೀಪಕ್ಕೆ ತುಪ್ಪವಿಲ್ಲದೆ ಪೂಜಾರಿ ಪರದಾಡುತ್ತಿದ್ದಾನೆ. ಇಲ್ಲಿ ನೋಡಿದರೆ ವಡೆಗೇ ಬಾಣಲೆ ತುಂಬ ತುಪ್ಪ ಸುರಿಯುವ ಪುಣ್ಯಾತ್ಮ! ಇವತ್ತಿಂದ ದೀಪಕ್ಕೆ ಇವನ ತುಪ್ಪವೇ ಆಗಲಿ."

"ಭೇಷ್" ಅಂದರು ದೊರೆ.

ಮುದ್ದುರಂಗನ ಮೀಸೆ ಸ್ವಲ್ಪ ಇಳಿಯಿತು. "ನನ್ನ ಭಾಗ್ಯ ಬುದ್ಧಿ. ಮನೆಯಿಂದ ಹೊಸ ತುಪ್ಪ ತರ್ತೀನಿ."

"ಛೇ ಛೇ, ಊರೇ ಬಾಯಿ ಚಪ್ಪರಿಸುವ ಬಾಣಲೆ ತುಪ್ಪ ಇರುವಾಗ ಬೇರೆ ಯಾಕೆ?" ಅಂದ ಕೆಂಚಪ್ಪ. ಅವನ ಸನ್ನೆ ನೋಡಿ ಆಳುಗಳು ಆಗಲೇ ಬಾಣಲೆ ಹೊತ್ತು ತಂದಿದ್ದರು.

"ಅದು ಕರಿದು ಕರಿದು ಕಪ್ಪಾಗಿದೆ."

"ಸೋಸೋಣ."

"ಮೆಣಸಿನ ವಾಸನೆ ಇರುತ್ತೆ."

"ವೀರಭದ್ರನಿಗೆ ಖಾರ ಅಂದರೆ ಇಷ್ಟವೇ. ಚಂದವ್ವ, ಒಂದು ಬತ್ತಿ ಕೊಡು. ಮುದ್ದುರಂಗಣ್ಣ, ನಡಿ ಗುಡಿಗೆ. ನಿನ್ನ ಕೈಯಾರೆ ಸುರಿದು, ಇದು ತುಪ್ಪ ಅಂತ ದೇವರಿಗೆ ಹೇಳಿ ದೀಪ ಹಚ್ಚು."

ವೀರಭದ್ರನ ಕೆಂಡದಂಥ ಕಣ್ಣು ನೆನಪಾದದ್ದೇ ತಡ, ಮುದ್ದುರಂಗ ಬಾಣಲೆಗೆ ಅಡ್ಡ ನಿಂತ. ಎರಡೂ ಕೈ ಮುಗಿದ.

"ಬೇಡಿ ಕೆಂಚಪ್ಪನವರೇ. ದೇವರ ದೀಪಕ್ಕೆ ಅದು ಬೇಡಿ. ಅದು ಕುರಿ ಕೊಬ್ಬು."

ಚಂದವ್ವನ ಕಣ್ಣಲ್ಲಿ ನೀರು ಬಂತು. "ಕೇಳಿದ್ದೆನಲ್ಲಪ್ಪ. ಹೌದು ಅಂದಿದ್ದರೆ ಒಂದು ಹಿಡಿ ಪುರಿ ತಿಂದುಕೊಂಡು ಸುಮ್ಮನಿರುತ್ತಿದ್ದೆ" ಅಂದಳು. ಅವಳಿಗೆ ಕೋಪಕ್ಕಿಂತ ಸಂಕಟವೇ ಹೆಚ್ಚಾಗಿತ್ತು.

"ರುಚಿಯಾಗಿದೆ ಅಂತ ನೀವೇ ಅಂತಿದ್ರಲ್ಲವ್ವ" ಅಂತ ಗೊಣಗಿದ ಮುದ್ದುರಂಗ.

"ಹುಟ್ಟಿದಾಗಿನಿಂದ ತಿನ್ನದವಳಿಗೆ ಅದು ಯಾವ ರುಚಿ ಅಂತ ಹೇಗೆ ಗೊತ್ತಾಗಬೇಕು ಮಾರಾಯ?" ಅಂದ ಕೆಂಚಪ್ಪ. "ನಿನ್ನ ಮಾತು ನಂಬಿದಳು, ಅಷ್ಟೇ. ವೀರಭದ್ರ ದೀಪ ನೋಡುತ್ತಾನೆ, ಎಣ್ಣೆ ಕುಡಿಯೋದಿಲ್ಲ. ಕುಡಿಯದವನಿಗೆ ಹೆದರಿದೆ, ತಿಂದವಳಿಗೆ ಸುಳ್ಳು ಹೇಳಿದೆ."

ದೊರೆಗೆ ಸಿಟ್ಟು ನೆತ್ತಿಗೇರಿತು. "ಇವನ ಅಂಗಡಿ ಕಿತ್ತು ಹಾಕಿ."

"ಬೇಡ ದೊರೆ, ಊರು ಹಸಿದೀತು. ಎರಡು ಬಾಣಲೆ ಇಡಲಿ, ಒಂದರಲ್ಲಿ ಕೊಬ್ಬು, ಒಂದರಲ್ಲಿ ಎಳ್ಳೆಣ್ಣೆ. ಯಾವುದು ಯಾವುದು ಅಂತ ಕೂಗಿ ಹೇಳಿ ಮಾರಲಿ. ಅವನ ಬಾಯಿಗೆ ಅದೇನೂ ಕಷ್ಟವಲ್ಲ. ದಿನಾ ಸಂಜೆ ಎಳ್ಳೆಣ್ಣೆ ಬಾಣಲೆಯಿಂದ ಒಂದು ಸೌಟು ತೆಗೆದು ತಾನೇ ವೀರಭದ್ರನ ದೀಪಕ್ಕೆ ಸುರಿಯಲಿ. ಅವನು ಅಳುಕದೆ ಸುರಿದ ದಿನ ಚಂದವ್ವ ಧೈರ್ಯವಾಗಿ ತಿನ್ನಬಹುದು."

"ಬತ್ತಿ ನನ್ನದೇ" ಅಂದಳು ಚಂದವ್ವ, ಕಣ್ಣೊರೆಸಿಕೊಂಡು.

"ಕೊಬ್ಬಿನದು ಅಂತ ಕೂಗಿದರೆ ಆ ವಡೆ ಯಾರು ಕೊಳ್ಳುತ್ತಾರೆ ಬುದ್ಧಿ?" ಅಂತ ಅಳುಮೋರೆ ಹಾಕಿದ ಮುದ್ದುರಂಗ.

ದೊರೆ ನಕ್ಕುಬಿಟ್ಟರು. "ಅದಿರಲಿ. ಕೆಂಚಪ್ಪ, ನಿನಗೇನು ಬಹುಮಾನ ಬೇಕು ಕೇಳು."

ಕೆಂಚಪ್ಪ ಬಾಣಲೆಯ ಕಡೆ ಆಸೆಯಿಂದ ನೋಡಿದ.

"ಕುರಿ ಕೊಬ್ಬಿನದೇ ಒಂದು ತಟ್ಟೆ ವಡೆ ಕೊಡಿಸಿ ದೊರೆ. ಕೊಬ್ಬಿನದು ಅಂತ ಹೇಳಿ ಕೊಟ್ಟರೆ ನನಗೆ ಬಲು ಇಷ್ಟ."