ಕ್ರಿಯಾಪದವಿಲ್ಲದ ಕಲ್ಲು

ವ್ಯಾಕರಣದ ಗುರು ಪಾರಿಸಯ್ಯನವರ ಆಶ್ರಮಕ್ಕೆ ಆ ವರ್ಷ ಬಂದ ಶಿಷ್ಯ ಒಬ್ಬನೇ.

ಅವನ ಹೆಸರು ಕೇತೋಜ. ಕಲ್ಲುಕುಟಿಗ. ವಯಸ್ಸು ನಲವತ್ತರ ಹತ್ತಿರ. ಸತ್ತವರ ಹೆಸರನ್ನು ಕಲ್ಲಿನಲ್ಲಿ ಕೆತ್ತುವುದು ಅವನ ಕಸುಬು.

ಗುರುಗಳು ಹೊಳೆಯ ದಡದಲ್ಲಿ ಕೂತಿದ್ದರು. ಈ ವಯಸ್ಸಿನಲ್ಲಿ ವ್ಯಾಕರಣ ಯಾಕೆ ಎಂದು ಕೇಳಿದರು.

ಕೇತೋಜ ನಿಂತೇ ಹೇಳಿದ. ಅವನ ಅಕ್ಕ ಮನೆ ಬಿಟ್ಟು ಏಳು ವರ್ಷವಾಗಿತ್ತು. ಇದ್ದಾಳೆಂದು ಸುದ್ದಿಯಿರಲಿಲ್ಲ, ಸತ್ತಳೆಂದೂ ಇರಲಿಲ್ಲ. ಇನ್ನು ಅವಳ ಹೆಸರಿಗೊಂದು ಕಲ್ಲು ನಿಲ್ಲಿಸು ಎಂದು ಊರಿನವರು ಒತ್ತಾಯ ಮಾಡಿದ್ದರು. ಅವನು ಒಳ್ಳೆಯ ಕಲ್ಲು ಆರಿಸಿದ, ನಯ ಮಾಡಿದ, 'ಜಕ್ಕವ್ವ' ಎಂದು ಕೆತ್ತಿದ. ಅಲ್ಲಿಗೆ ಉಳಿ ನಿಂತಿತು.

"ಹೆಸರಿನ ಮುಂದೆ ಯಾವ ಕ್ರಿಯಾಪದ ಹಾಕಲಿ ಅಯ್ಯಾ? 'ಸತ್ತಳು' ಅಂದರೆ ಸುಳ್ಳಾದೀತು. 'ಇದ್ದಾಳೆ' ಅಂದರೂ ಸುಳ್ಳಾದೀತು."

"ಊರಿನವರು ಏನನ್ನುತ್ತಾರೆ?"

"'ಬಾರಳು' ಅಂತ ಕೆತ್ತು, ಸಾಕು ಅನ್ನುತ್ತಾರೆ."

"ಅದು ಯಾವ ಕಾಲ?"

ಕೇತೋಜ ಆ ಮಾತನ್ನು ತುಟಿಯಲ್ಲೇ ಹೇಳಿ ನೋಡಿದ.

"ಅದಕ್ಕೆ ಕಾಲವಿಲ್ಲ," ಎಂದರು ಗುರುಗಳು. "ನಿನ್ನೆ ಬರಲಿಲ್ಲ, ಇವತ್ತು ಬರುವುದಿಲ್ಲ, ನಾಳೆಯೂ ಇಲ್ಲ. ಮೂರು ಬಾಗಿಲಿಗೂ ಒಂದೇ ಅಗುಳಿ."

"ಹಾಗಾದರೆ ಅದನ್ನೇ ಕೆತ್ತಬಹುದೇ?"

"ಮೂರು ಬಾಗಿಲೂ, ನಾಳೆಯದೂ ಸೇರಿ, ನಿನ್ನ ಮನೆಯವೇ ಆದರೆ ಕೆತ್ತು."

ಕೇತೋಜ ಊರಿಗೆ ಹಿಂದಿರುಗಲಿಲ್ಲ. ಅಲ್ಲೇ ಉಳಿದ.

ಒಂದು ಕಾಲಕ್ಕೆ ಅರವತ್ತು ಜನ ಕಲಿಯುತ್ತಿದ್ದ ಆಶ್ರಮ ಅದು. ಈಗ ಗೋಡೆಗೆ ಒರಗಿಸಿದ ಚಾಪೆಗಳ ಮೇಲೆ ಜೇಡ ಬಲೆ ಕಟ್ಟಿತ್ತು. ಅಡುಗೆಗೆ ಇದ್ದುದು ಒಂದೇ ಮಡಕೆ. ಗುರುಗಳು ಬೆಳಿಗ್ಗೆ ಸ್ವಲ್ಪ ಹೊತ್ತು ಪಾಠ ಹೇಳುತ್ತಿದ್ದರು. ಆಮೇಲೆ ದಿನವೆಲ್ಲ ಇಬ್ಬರ ನಡುವೆ ಹೊಳೆಯ ಸದ್ದೊಂದೇ.

ಕೇತೋಜನಿಗೆ ಆ ಮೌನ ಹೊಸದೇನಲ್ಲ. ಅಕ್ಕ ಹೋದ ಮೇಲೆ ಅವನ ಮನೆಯೂ ಹಾಗೇ ಇತ್ತು. ಮದುವೆ ಮಾಡಿಕೊಂಡಿರಲಿಲ್ಲ. ದಿನಕ್ಕೊಮ್ಮೆ ಮಾತಾಡಿದರೆ ಅದು ಕಲ್ಲು ಕೆತ್ತಿಸಲು ಬಂದವರ ಹತ್ತಿರ. ಅವರೂ ಸತ್ತವರ ಹೆಸರು ಹೇಳಿ ಹೋಗುತ್ತಿದ್ದರು.

ಹಲಗೆಯ ಮೇಲೆ ಮರಳು ಹರಡಿ, ಬೆರಳಿನಿಂದ ಬರೆದು ಕಲಿಯಬೇಕು. ತಪ್ಪದೆ ಬಂದದ್ದನ್ನು ಮಾತ್ರ ಓಲೆಗೆ ಏರಿಸಬೇಕು. ಮಾಡು, ನೋಡು, ತಿನ್ನು, ಏಳು. ಒಂದೊಂದು ಧಾತುವಿಗೂ ಕಳೆದದ್ದು, ನಡೆಯುವುದು, ಬರಲಿರುವುದು. ಕೇತೋಜನ ಅಕ್ಷರ ಚೆನ್ನಾಗಿತ್ತು. ನಾಲ್ಕು ತಿಂಗಳಲ್ಲಿ ನೂರು ಧಾತುಗಳು ಮುಗಿದವು.

ಒಂದು ಬೆಳಿಗ್ಗೆ ಗುರುಗಳು ಆ ಓಲೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ನಡುವೆ ಒಂದು ಓಲೆ ಖಾಲಿ ಇತ್ತು.

"ಇಲ್ಲಿ ಏನು ಬರಬೇಕಿತ್ತು?"

ಕೇತೋಜ ತಲೆ ತಗ್ಗಿಸಿದ.

"'ಹೋಗು' ಧಾತು, ಅಯ್ಯಾ."

"ಬರುವುದಿಲ್ಲವೇ?"

"ಬರುತ್ತದೆ. ಬರೆಯಲಾಗಲಿಲ್ಲ."

ಗುರುಗಳು ಓಲೆಗಳನ್ನು ಕೆಳಗಿಟ್ಟು ಕಾದರು. ಕೇತೋಜ ಅಲ್ಲಿಯವರೆಗೆ ಯಾರಿಗೂ ಹೇಳದ್ದನ್ನು ಹೇಳಿದ.

ತಾಯಿ ಸತ್ತಾಗ ಅವನಿಗೆ ಐದು ವರ್ಷ, ಜಕ್ಕವ್ವನಿಗೆ ಹದಿನಾರು. ಸಾಕಿದವಳು ಅವಳೇ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೇ ಹಿಂದಿರುಗಿದಳು. ಅವನು ಕೆತ್ತುವಾಗ ಮಧ್ಯಾಹ್ನ ಅಂಬಲಿ ತಂದು, ಪಕ್ಕದಲ್ಲಿ ಕೂತು, ಕುಡಿಯುವವರೆಗೂ ಏಳುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಅವಳ ಸೊಂಟ ತಾಗಿ, ಕಲ್ಲಿಗೆ ಕೊಟ್ಟಿದ್ದ ಮರದ ಆನಿಕೆ ಜಾರಿತು. ಮೂರು ತಿಂಗಳ ಕೆಲಸದ ವೀರಗಲ್ಲು ಉರುಳಿತು. ವೀರನಿಗೆ ಏನೂ ಆಗಲಿಲ್ಲ. ಅವನ ಕುದುರೆಯ ಒಂದು ಕಿವಿ ಮುರಿಯಿತು.

"ಒಂದು ಕಿವಿ, ಅಯ್ಯಾ. ಅಷ್ಟಕ್ಕೆ 'ಹೋಗು' ಅಂದೆ. ಅವಳು ಅಂಬಲಿಯ ಕುಡಿಕೆ ಕೆಳಗಿಟ್ಟಳು. ಹೊಳೆಯ ದಾರಿ ಹಿಡಿದಳು."

ಗುರುಗಳು ಆ ಖಾಲಿ ಓಲೆಯನ್ನು ಕೈಗೆತ್ತಿಕೊಂಡರು.

"ಬೇರೆ ಎಲ್ಲ ರೂಪಗಳಿಗೂ ಧಾತುವಿನ ಮೇಲೆ ಏನಾದರೂ ಹೊದಿಸುತ್ತೇವೆ," ಎಂದರು. "ಎದುರಿಗೆ ನಿಂತವರಿಗೆ ಅಪ್ಪಣೆ ಮಾಡುವಾಗ ಮಾತ್ರ ಏನೂ ಬೇಡ. ಬರಿ ಧಾತುವೇ ಸಾಕು. ಒರೆ ಇಲ್ಲದ ಕತ್ತಿ."

"ಹೌದು. ಆ ಕತ್ತಿಗೇ ಅವಳು ಹೋದಳು."

ಗುರುಗಳು ಎದ್ದರು. ಏನೂ ಹೇಳದೆ ಹೊಳೆಯ ಕಡೆ ನಡೆದರು. ಲಕ್ಕಿ ಗಿಡದ ಪೊದೆ ದಾಟಿದ ಮೇಲೆ ಕಾಣಿಸಲಿಲ್ಲ.

ಸ್ನಾನಕ್ಕೆ ಹೋಗಿರಬೇಕು ಎಂದುಕೊಂಡ ಕೇತೋಜ. ಕೂತ. ಬಿಸಿಲೇರಿತು. ಗಂಜಿ ಆರಿತು. ಗುರುಗಳು ಬರಲಿಲ್ಲ. ಅವರಿಗೆ ಕೋಪ ಬಂದಿರಬೇಕು, ಅಂಥ ಕೆಲಸ ಮಾಡಿದವನ ಮುಖ ನೋಡಲಾರದೆ ಹೋಗಿರಬೇಕು ಎನ್ನಿಸಿತು. ಅವನು ಎದ್ದ, ಮತ್ತೆ ಕೂತ. ಹೊತ್ತು ಇಳಿಯಿತು. ಚಾಪೆಗಳನ್ನು ನೋಡುತ್ತ ಆ ಖಾಲಿ ಜಾಗದಲ್ಲಿ ಒಬ್ಬನೇ ಕೂತಿದ್ದ.

ಹಸುಗಳು ಮನೆಗೆ ಮರಳುವ ಹೊತ್ತಿಗೆ ಗುರುಗಳು ಅದೇ ಪೊದೆಯ ಹಿಂದಿನಿಂದ ಮಂಡಿ ಹಿಡಿದುಕೊಂಡು ಮೆಲ್ಲಗೆ ಬಂದರು.

"ನಾನು ಏನು ಮಾಡಿದೆ?" ಎಂದು ಕೇಳಿದರು.

"ಹೋದಿರಿ, ಅಯ್ಯಾ."

"ಹೋದದ್ದನ್ನು ಕಂಡೆಯಾ?"

"ಪೊದೆಯವರೆಗೆ ಕಂಡೆ."

"ಹಾಗಾದರೆ ನೀನು ಕಂಡದ್ದು 'ಹೋಗುತ್ತಿದ್ದರು'. 'ಹೋದರು' ಅಲ್ಲ."

"ಎರಡೂ ಕಳೆದ ಕಾಲವೇ ಅಲ್ಲವೇ?"

"ಕಾಲ ಒಂದೇ. ಒಂದು ಮುಗಿದಿದೆ, ಇನ್ನೊಂದು ಮುಗಿದಿಲ್ಲ. ಮುಗಿಯದ್ದನ್ನು ನೀನು ಮುಗಿಸಿಬಿಟ್ಟೆ." ಅವರು ಕಷ್ಟಪಟ್ಟು ಕೂತರು. "ನಾನು ಎಲ್ಲಿಗೂ ಹೋಗಿರಲಿಲ್ಲ. ಬೆಳಗಿನಿಂದ ಆ ಪೊದೆಯ ಹಿಂದೆ ಕೂತಿದ್ದೆ. ಹತ್ತು ಹೆಜ್ಜೆ. ನೀನು ಎದ್ದು ಬಂದು ನೋಡಲಿಲ್ಲ."

ಕೇತೋಜನ ಮುಖ ಕಪ್ಪಿಟ್ಟಿತು.

"ನಿನ್ನ ಅಕ್ಕನನ್ನು ಎಲ್ಲಿಯವರೆಗೆ ಕಂಡೆ?"

"ಹೊಳೆ ತಿರುಗುವಲ್ಲಿಯವರೆಗೆ."

"ಆ ತಿರುವಿನ ಆಚೆ ಏನಿದೆ?"

ಗೊತ್ತಿಲ್ಲ ಎಂದ ಕೇತೋಜ. ಸಂಜೆಗೆ ತಾನೇ ಬರುತ್ತಾಳೆ ಎಂದು ಮೊದಲ ದಿನ ಹೋಗಲಿಲ್ಲ. ಎರಡನೆಯ ದಿನ ಸಿಟ್ಟು ಇನ್ನೂ ಇತ್ತು. ಆ ವಾರದಲ್ಲೇ ಹೊಳೆಗೆ ನೀರು ಬಂತು, ದಾರಿ ಮುಳುಗಿತು. ನೀರು ಇಳಿದ ಮೇಲೆ ಹೆದರಿಕೆ ಶುರುವಾಯಿತು.

"ಏನೆಂದು ಹೆದರಿದೆ? ಸತ್ತಿರಬಹುದೆಂದೇ?"

"ಅಲ್ಲ, ಅಯ್ಯಾ. ಸತ್ತಿದ್ದರೆ ಅಳಬಹುದಿತ್ತು. ಬದುಕಿದ್ದರೆ ಅವಳ ಮುಖ ಹೇಗೆ ನೋಡಲಿ?"

ಮರುದಿನ ಪಾಠವಿರಲಿಲ್ಲ. ಗುರುಗಳು ಅವನ ಗಂಟನ್ನು ತಾವೇ ಕಟ್ಟಿ ಬಾಗಿಲ ಬಳಿ ಇಟ್ಟಿದ್ದರು. ಅದರಲ್ಲಿ ಎರಡು ರೊಟ್ಟಿ, ಒಂದು ಹೊದಿಕೆ. ಕಲಿಯುವುದು ಇನ್ನೂ ಬಾಕಿ ಇದೆ ಎಂದ ಕೇತೋಜ. ಅವರು ಗಂಟನ್ನು ಅವನ ಕೈಗಿತ್ತರು.

ಕೇತೋಜ ಮೊದಲು ತನ್ನ ಊರಿಗೆ ಬಂದು, ಅಲ್ಲಿಂದ ಹೊಳೆಯ ದಾರಿ ಹಿಡಿದ. ತಿರುವಿನ ಆಚೆ ಏನೂ ಇರಲಿಲ್ಲ. ಅದೇ ದಾರಿ, ಅದೇ ಹೊಳೆ, ಮೇಯುವ ಎರಡು ಎಮ್ಮೆ. ಇಷ್ಟಕ್ಕೆ ಏಳು ವರ್ಷವೇ ಎಂದುಕೊಂಡು ಮುಂದೆ ನಡೆದ.

ದಾರಿಯುದ್ದಕ್ಕೂ ಪ್ರತಿ ಕಡವಿನಲ್ಲಿ, ದೋಣಿಯವರ ಹತ್ತಿರ, ಬಟ್ಟೆ ಒಗೆಯುವವರ ಹತ್ತಿರ ವಿಚಾರಿಸಿದ. ಯಾರಿಗೂ ಗೊತ್ತಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಒಂದು ಛತ್ರ ಸಿಕ್ಕಿತು. ಯಾತ್ರೆಯವರಿಗೆ ಊಟ ಹಾಕುವ ಜಾಗ. ಅದನ್ನು ನೋಡಿಕೊಳ್ಳುವ ಪೆಮ್ಮವ್ವ ಎಂಬ ಮುದುಕಿ ಎಲೆ ಹಾಸಿ ಅವನನ್ನು ಕೂರಿಸಿದಳು.

ಅವನು ಅಕ್ಕನ ಹೆಸರು ಹೇಳಿದ.

ಮುದುಕಿ ಸೌಟು ಕೆಳಗಿಟ್ಟಳು. ಜಕ್ಕವ್ವ ಇಲ್ಲಿ ಐದು ವರ್ಷ ಅಡುಗೆ ಮಾಡಿದಳು ಎಂದಳು. ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಜ್ವರ ಬಂತು. ನಾಲ್ಕೇ ದಿನ. ಛತ್ರದ ಹಿಂದಿನ ಹುಣಸೆಮರದ ಬುಡದಲ್ಲಿ ಮಣ್ಣು ಮಾಡಿದೆವು.

ಕೇತೋಜನ ಕೈ ಎಲೆಯ ಮೇಲೇ ಉಳಿಯಿತು.

ಪೆಮ್ಮವ್ವ ತನ್ನಷ್ಟಕ್ಕೆ ಎಂಬಂತೆ ಹೇಳುತ್ತ ಹೋದಳು. ಜಕ್ಕವ್ವ ಬಡಿಸುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲವಂತೆ. ಊಟಕ್ಕೆ ಕೂತ ಗಂಡಸರ ಉಗುರು ನೋಡುತ್ತಿದ್ದಳಂತೆ. ಉಗುರಿನ ಸಂದಿಯಲ್ಲಿ ಕಲ್ಲಿನ ಪುಡಿ ಕಂಡರೆ ಮಾತ್ರ ತಲೆಯೆತ್ತುತ್ತಿದ್ದಳು. ಯಾಕೆ ಹಾಗೆ ಎಂದು ಕೇಳಿದರೆ ಒಂದೇ ಮಾತು.

"ಏನು ಮಾತು?" ಎಂದು ಕೇಳಿದ ಕೇತೋಜ.

"'ತಮ್ಮ ಬಂದಾನು' ಅಂತಿದ್ದಳು. ಮೂರು ದಿನದ ದಾರಿ, ನೀನೇ ಹೋಗಬಾರದೇ ಅಂತ ನಾನು ಎಷ್ಟೋ ಸಲ ಬೈದೆ. 'ಹೋಗು ಅಂದವನೇ ಬಾ ಅನ್ನಬೇಕು, ಅವ್ವ' ಅನ್ನುತ್ತಿದ್ದಳು." ಮುದುಕಿ ಕಣ್ಣೊರೆಸಿಕೊಂಡಳು. "ಅವಳು ನಿನಗೇನಾಗಬೇಕು?"

"ಆ ತಮ್ಮ ನಾನೇ."

ಪೆಮ್ಮವ್ವ ಅವನ ಕೈಯನ್ನು ತನ್ನ ಕಡೆ ಎಳೆದುಕೊಂಡು ನೋಡಿದಳು. ನಾಲ್ಕು ತಿಂಗಳು ಉಳಿ ಹಿಡಿಯದ ಕೈ. ಉಗುರು ಸ್ವಚ್ಛವಾಗಿತ್ತು.

"ಇದರಲ್ಲಿ ಏನೂ ಇಲ್ಲವಲ್ಲಪ್ಪ," ಎಂದಳು.

ಅವನು ಹುಣಸೆಮರದ ಬುಡದಲ್ಲಿ ಎರಡು ದಿನ ಕೂತಿದ್ದ. ಆಮೇಲೆ ಗುರುಗಳ ಬಳಿಗೆ ಹಿಂದಿರುಗಿದ.

ಪಾರಿಸಯ್ಯನವರು ಅವನನ್ನು ಒಳಗೆ ಕರೆದು ಕೂರಿಸಿದರು. ಗಂಜಿ ಬಿಸಿ ಮಾಡಿ ಕೊಟ್ಟರು. ಕುಡಿದು ಮುಗಿಸಿ, ಅವನು ಎಲ್ಲವನ್ನೂ ಹೇಳಿದ. ಹೇಳುವಾಗ ಅಳಲಿಲ್ಲ. 'ಬಂದಾನು' ಎಂಬುದನ್ನು ಮಾತ್ರ ಎರಡು ಸಲ ಹೇಳಿದ.

"ಏಳು ವರ್ಷ ನಾನು ಅವಳಿಗೆ ಕ್ರಿಯಾಪದ ಹುಡುಕಿದೆ, ಅಯ್ಯಾ. ಇದ್ದಷ್ಟು ದಿನ ಅವಳು ನನಗೊಂದು ಇಟ್ಟುಕೊಂಡು ಕಾಯುತ್ತಿದ್ದಳು." ಅವನು ತಲೆಯೆತ್ತಿದ. "'ಬಂದಾನು', ಅದು ಯಾವ ಕಾಲ?"

"ಕಾಲವಲ್ಲ. ಬಂದರೂ ಬರಬಹುದು, ಬಾರದೆಯೂ ಇರಬಹುದು. ಗೊತ್ತಿಲ್ಲದವರು ಆಸೆಯಿಂದ ಹೇಳುವ ರೂಪ."

"ಅದು ಎಲ್ಲಿಂದ ಹುಟ್ಟುತ್ತದೆ?"

"ನೀನೇ ಬಿಡಿಸಿ ನೋಡು."

ಕೇತೋಜ ತುಟಿಯಲ್ಲೇ ಹೇಳಿಕೊಂಡ. ಒಂದು ಸಲ, ಇನ್ನೊಂದು ಸಲ.

"'ಬಂದನು' ಅನ್ನುವುದೇ ಒಳಗಿದೆ, ಅಯ್ಯಾ. ನಡುವೆ ಒಂದು ದೀರ್ಘ ಅಷ್ಟೇ ಹೆಚ್ಚು."

"ಎಷ್ಟು ಉದ್ದದ ದೀರ್ಘ?"

"ಮೂರು ದಿನದ ದಾರಿಯಷ್ಟು."

ಗುರುಗಳು ತಲೆಯಾಡಿಸಿದರು. ಇಬ್ಬರೂ ಹೊಳೆಯ ಕಡೆ ನೋಡುತ್ತ ಕೂತರು. ಆಚೆ ದಡದಲ್ಲಿ ಯಾರೂ ಇರಲಿಲ್ಲ.

ಬಹಳ ಹೊತ್ತಿನ ಮೇಲೆ ಕೇತೋಜ ಎದ್ದ. ಊರಿಗೆ ಹೋಗಿ ಆ ಕಲ್ಲನ್ನು ಗಾಡಿಯಲ್ಲಿ ಹೇರಿಕೊಂಡು ಛತ್ರಕ್ಕೆ ಒಯ್ಯುವೆ, ಹುಣಸೆಮರದ ಕೆಳಗೆ ನಿಲ್ಲಿಸುವೆ ಎಂದ. ಗುರುಗಳ ಕಾಲು ಮುಟ್ಟಿದ. ಹೊರಟವನು ಬಾಗಿಲಲ್ಲಿ ನಿಂತ.

"ಇನ್ನು 'ಸತ್ತಳು' ಅಂತ ಕೆತ್ತಬಹುದಲ್ಲ, ಅಯ್ಯಾ? ಈಗ ಅದು ಸುಳ್ಳಲ್ಲ."

"ಸುಳ್ಳಲ್ಲ. ಯಾರು ಓದಲಿ ಅಂತ ಕೆತ್ತುತ್ತೀಯ?"

"ಅಕ್ಕ ಓದಲಿ ಅಂತ."

ಗುರುಗಳು ಅವನ ಖಾಲಿ ಕೈಗಳನ್ನು ನೋಡಿದರು.

"ಸತ್ತದ್ದು ಅವಳಿಗೆ ಗೊತ್ತು. ಅವಳ ಮಾತಿನ ದೀರ್ಘ ತೆಗೆದು, ಅವಳಿಗೆ ಗೊತ್ತಿಲ್ಲದ್ದನ್ನು ಕೆತ್ತು."