ಮೊದಲು ಹೇಳಿದವರು

ಶಿಷ್ಯೆ ಕೇಳಿದಳು: “ಗುರುಗಳೇ, ‘ಪ್ರೋಗ್ರಾಮನ್ನು ಯಂತ್ರಕ್ಕಾಗಿ ಬರೆಯಬೇಡ, ನಾಳೆ ಓದುವವರಿಗಾಗಿ ಬರೆ’ ಎಂದು ನಮ್ಮ ಕಸುಬಿನವರೆಲ್ಲ ಹೇಳುತ್ತಾರೆ. ಈ ಮಾತನ್ನು ಮೊದಲು ಹೇಳಿದವರು ಯಾರು?”

ಗುರು ಹೇಳಿದರು:

ಒಬ್ಬ ಸಂಶೋಧಕಿಗೂ ಇದೇ ಪ್ರಶ್ನೆ ಹುಟ್ಟಿತ್ತು. ಪುಸ್ತಕಗಳೆಲ್ಲ ಒಬ್ಬ ಹೆಸರಾಂತ ಪ್ರಾಧ್ಯಾಪಕರತ್ತ ಬೆರಳು ಮಾಡಿದವು. ಅವಳು ಅವರನ್ನೇ ಹೋಗಿ ಕಂಡಳು. ಅವರು ನಕ್ಕುಬಿಟ್ಟರು. “ಅದು ನನ್ನದಲ್ಲ ತಾಯಿ. ನನ್ನದಲ್ಲವೆಂದು ಹೇಳಿ ಹೇಳಿ ಸಾಕಾಗಿದೆ. ಒಬ್ಬ ಇಂಜಿನಿಯರಮ್ಮನಿಂದ ಕೇಳಿದ್ದು” ಎಂದು ಆಕೆಯ ಊರಿನ ಹೆಸರು ಕೊಟ್ಟರು.

ಆ ಊರು ಒಂದು ಅಣೆಕಟ್ಟಿನ ಕೆಳಗಿತ್ತು. ಇಂಜಿನಿಯರಮ್ಮನಿಗೆ ಆಗಲೇ ವಯಸ್ಸಾಗಿತ್ತು. ಆಕೆ ನಡೆದುದನ್ನು ಹೇಳಿದರು.

ಅಣೆಕಟ್ಟಿನ ಬಾಗಿಲುಗಳನ್ನು ತೆರೆದು ಮುಚ್ಚುವ ಪ್ರೋಗ್ರಾಮನ್ನು ಶಾಂತಮಲ್ಲಪ್ಪ ಎಂಬವರು ಬರೆದಿದ್ದರು. ಅವರಿಗೆ ವಾಸಿಯಾಗದ ಕಾಯಿಲೆ ಬಂತು. ಹೆಚ್ಚು ದಿನವಿಲ್ಲ ಎಂದರು ವೈದ್ಯರು. ಅವರು ಮನೆಯಲ್ಲಿ ಮಲಗಲಿಲ್ಲ. ಕಚೇರಿಗೆ ಬಂದು, ಚೆನ್ನಾಗಿಯೇ ನಡೆಯುತ್ತಿದ್ದ ಆ ಪ್ರೋಗ್ರಾಮನ್ನು ಮೊದಲಿನಿಂದ ತಿದ್ದತೊಡಗಿದರು. ಕೆಲಸ ಅದೇ, ಬರವಣಿಗೆ ಮಾತ್ರ ಬೇರೆ. “ಬಾಗಿಲು ಸರಿಯಾಗಿ ತೆರೆಯುತ್ತಿದೆಯಲ್ಲ, ಮತ್ತೇಕೆ ಈ ಶ್ರಮ?” ಎಂದು ಜೊತೆಯವರು ಮರುಗಿದರು. ಅವರು ಬರೆಯುತ್ತಲೇ ಹೋದರು. ಮುಗಿಸಿದರು. ತೀರಿಕೊಂಡರು.

ಮುಂದಿನ ಮಳೆಗಾಲ ಹೊಳೆ ಉಕ್ಕಿ ಬಂತು. ಬಾಗಿಲುಗಳು ತೆರೆಯಲಿಲ್ಲ. ಕೆಳಗೆ ಊರಿಗೆ ಊರೇ ಇತ್ತು. ಇಂಜಿನಿಯರಮ್ಮ ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿ. ಶಾಂತಮಲ್ಲಪ್ಪನವರ ಮುಖವನ್ನೂ ಕಂಡವಳಲ್ಲ. ಪ್ರೋಗ್ರಾಮನ್ನು ತೆರೆದಳು. ಯಾರೋ ಪಕ್ಕದಲ್ಲಿ ಕುಳಿತು ಮಾತಾಡಿದಂತಿತ್ತು ಅದು. ಓದುತ್ತ ಓದುತ್ತ ಒಂದೆಡೆಗೆ ಬಂದಳು. ಅಲ್ಲಿ ಸಾಲುಗಳ ನಡುವೆ ಒಂದು ಟಿಪ್ಪಣಿ ಹೀಗಿತ್ತು: “ನೀರಿನ ಮಟ್ಟ ಅಳೆಯುವ ಉಪಕರಣ ಹೂಳಿಗೆ ಸಿಕ್ಕಿದರೆ ಇಲ್ಲಿ ಸೊನ್ನೆ ಬರುತ್ತದೆ. ಅಣೆಕಟ್ಟು ಬರಿದಾಗಿದೆ ಎಂದು ಯಂತ್ರ ನಂಬುತ್ತದೆ. ನೀವು ನಂಬಬೇಡಿ. ಕೆಳಗಿನ ಸಾಲಿನಲ್ಲಿ ನಿಜವಾದ ಮಟ್ಟವನ್ನು ನೀವೇ ಬರೆಯಿರಿ. ಹೆದರಬೇಡಿ.”

ಅವಳು ಬರೆದಳು. ಬಾಗಿಲುಗಳು ಒಂದೊಂದಾಗಿ ಮೇಲೆದ್ದವು. ಅಣೆಕಟ್ಟು ಉಳಿಯಿತು. ಊರು ಉಳಿಯಿತು.

“ನಿನಗೆ ಹೇಗೆ ತಿಳಿಯಿತಮ್ಮಾ?” ಎಂದು ಮೇಲಧಿಕಾರಿ ಕೇಳಿದರು. ಹುಡುಗಿ ಅಳುತ್ತಿದ್ದಳು. “ಅವರು ಇದನ್ನು ಯಂತ್ರಕ್ಕೆ ಬರೆದಿಲ್ಲ ಸಾರ್, ನನಗೆ ಬರೆದಿದ್ದಾರೆ” ಎಂದಳು.

ಆ ಮಾತು ಬಾಯಿಂದ ಬಾಯಿಗೆ ಹೋಯಿತು. ಹೋಗುತ್ತ ಹೋಗುತ್ತ ನಾಣ್ಣುಡಿಯಾಯಿತು.

ಕೇಳಿದ ಸಂಶೋಧಕಿ ಕೈಮುಗಿದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯೆ ಮೆಲ್ಲನೆ ಕೇಳಿದಳು: “ಹಾಗಾದರೆ ಶಾಂತಮಲ್ಲಪ್ಪನವರು ಈ ಮಾತನ್ನು ಒಮ್ಮೆಯೂ ಹೇಳಲೇ ಇಲ್ಲವೇ?”

ಗುರು ಎಂದರು: “ಹೇಳುತ್ತ ಕೂರುವಷ್ಟು ಆಯುಷ್ಯ ಅವರಿಗೆ ಉಳಿದಿರಲಿಲ್ಲ, ಮಗಳೇ.”